ಥಂಡಿ ಊರಿನಲ್ಲಿ ಮನೆ ಹೂಡುವ ಮುನ್ನ: ಜಹೀರಾಬಾದ್, ನಾರಾಯಣಖೇಡ, ತಾಂಡೂರು

ಡಿಸೆಂಬರ್ ಅರ್ಧ ಕಳೆಯಿತೆಂದರೆ ಹೈದರಾಬಾದಿನ ಪತ್ರಿಕೆಗಳ ಹವಾಮಾನದ ಅಂಕಣದಲ್ಲಿ ಕೊಹೀರ್ ಎಂಬ ಹೆಸರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಜಹೀರಾಬಾದಿನ ನೆರೆಯ ಈ ಊರು ಸೀಬೆಹಣ್ಣಿಗೆ ಎಷ್ಟು ಹೆಸರಾಗಿದೆಯೋ ಚಳಿಗೂ ಅಷ್ಟೇ ಹೆಸರಾಗಿದೆ. ಶೀತಗಾಳಿ ಬೀಸಿದ ವರ್ಷಗಳಲ್ಲಿ ಇಲ್ಲಿನ ರಾತ್ರಿಯ ಉಷ್ಣಾಂಶ ಐದಾರು ಡಿಗ್ರಿಗೆ ಇಳಿಯುತ್ತದೆ. ಉತ್ತರದ ಆದಿಲಾಬಾದ್, ಕುಮುರಂ ಭೀಮ್ ಆಸಿಫಾಬಾದ್‌ನ ಕಾಡು ಪ್ರದೇಶಗಳ ಜೊತೆ ಪೈಪೋಟಿಗೆ ಬೀಳುವುದು ಬೀದರಿನ ಮಗ್ಗುಲಲ್ಲಿರುವ ಈ ಬಯಲು.

ಈ ಬಯಲಿಗೆ ಸಂಸಾರ ಕಟ್ಟಿಕೊಂಡು ಬರಬೇಕಾದ ಕನ್ನಡ ಕುಟುಂಬಗಳು ಕಡಿಮೆಯೇನಲ್ಲ. ಜಹೀರಾಬಾದಿನ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರು, ತಾಂಡೂರಿನ ಕಲ್ಲು ಮತ್ತು ಬೇಳೆ ವ್ಯಾಪಾರಕ್ಕೆ ಬರುವವರು, ನಾರಾಯಣಖೇಡಕ್ಕೆ ಮದುವೆಯಾಗಿ ಬರುವ ಔರಾದ್ ಕಡೆಯ ಹೆಣ್ಣುಮಕ್ಕಳು, ಬ್ಯಾಂಕಿನ ವರ್ಗಾವಣೆಯವರು ಇವರಲ್ಲಿದ್ದಾರೆ. ಬರುವ ಮುನ್ನ ನಾಲ್ಕು ಜನರನ್ನು ವಿಚಾರಿಸಿದರೆ ನಾಲ್ಕು ಬಗೆಯ ಉತ್ತರ ಸಿಗುತ್ತದೆ. ಹವೆ ಬಂಗಾರದಂಥದ್ದು ಎಂದು ಒಬ್ಬರು ಹೇಳಿದರೆ, ಚಳಿಗಾಲದಲ್ಲಿ ವಯಸ್ಸಾದವರನ್ನು ಇಲ್ಲಿಗೆ ತರಲೇಬೇಡಿ ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಹೈದರಾಬಾದಿಗಿಂತ ನೂರು ಪಾಲು ವಾಸಿ ಎಂಬುದು ಒಬ್ಬರ ಮಾತು. ಚಳಿ ಮೂರು ತಿಂಗಳು, ಬೇಗೆ ನಾಲ್ಕು ತಿಂಗಳು ಎಂಬುದು ಮತ್ತೊಬ್ಬರ ಲೆಕ್ಕ.

ನಾಲ್ಕೂ ಮಾತುಗಳಲ್ಲಿ ಸತ್ಯವಿದೆ. ಯಾರು ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಎಂಥ ಮನೆಯಲ್ಲಿ ಮಲಗುತ್ತಾರೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬುದರ ಮೇಲೆ ಇಲ್ಲಿನ ಚಳಿಯ ಅನುಭವ ಬೇರೆಬೇರೆಯಾಗುತ್ತದೆ. ಆದ್ದರಿಂದ ಊರು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ತಮ್ಮ ಮನೆಯ ದಿನಚರಿಯನ್ನು ಈ ಊರುಗಳ ದಿನಚರಿಯ ಪಕ್ಕದಲ್ಲಿಟ್ಟು ನೋಡುವುದು ಲೇಸು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಚಳಿ ಎಷ್ಟು, ಯಾಕೆ

ಜಹೀರಾಬಾದ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೀದರಿನಿಂದ ಮುಂದುವರಿದು ಬಂದ ಪ್ರಸ್ಥಭೂಮಿಯ ಅಂಚು ಇದು. ಸಮುದ್ರ ದೂರ, ಬೆಟ್ಟಗಳ ಮರೆ ಇಲ್ಲ, ದಟ್ಟ ಕಾಡೂ ಇಲ್ಲ. ಮಳೆಗಾಲ ಮುಗಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿಯಲ್ಲಿ ತೇವ ಕಡಿಮೆಯಾಗುತ್ತದೆ. ಹಗಲು ನೆಲ ಹೀರಿಕೊಂಡ ಬಿಸಿಯನ್ನು ತಡೆದು ನಿಲ್ಲಿಸಲು ರಾತ್ರಿ ಮೋಡದ ಹೊದಿಕೆಯೂ ಇರುವುದಿಲ್ಲವಾದ್ದರಿಂದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಅದರ ಮೇಲೆ ಉತ್ತರದಿಂದ ಒಣಗಾಳಿ ಬೀಸಿತೆಂದರೆ ಎರಡು ಮೂರು ರಾತ್ರಿಗಳಲ್ಲೇ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹೈದರಾಬಾದಿನ ನಡು ಊರಿನಲ್ಲಿ ಕಾಂಕ್ರೀಟು, ಡಾಂಬರು, ವಾಹನಗಳು ಸೇರಿ ರಾತ್ರಿಯನ್ನು ಬೆಚ್ಚಗಿಡುತ್ತವೆ. ನೂರು ಕಿಲೋಮೀಟರ್ ಆಸುಪಾಸಿನ ಜಹೀರಾಬಾದಿನ ಬಯಲಿಗೆ ಆ ಕಾವು ಇಲ್ಲ.

ಹಗಲಿನ ಮಾತೇ ಬೇರೆ. ಜನವರಿಯ ನಡುಹಗಲಿನಲ್ಲೂ ಇಲ್ಲಿ 27-28 ಡಿಗ್ರಿ ಬಿಸಿಲಿರುತ್ತದೆ. ಒಂದೇ ದಿನದ ಗರಿಷ್ಠ, ಕನಿಷ್ಠಗಳ ನಡುವೆ ಹದಿನೈದು ಡಿಗ್ರಿಗೂ ಮೀರಿದ ಅಂತರ ಬೀಳುತ್ತದೆ. ಅತಿ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಹೊತ್ತಿನ ಆಸುಪಾಸಿನಲ್ಲಿ, ಅಂದರೆ ಜನವರಿಯಲ್ಲಿ ಬೆಳಿಗ್ಗೆ ಆರರಿಂದ ಏಳು ಗಂಟೆಯವರೆಗೆ. ಹತ್ತು ಗಂಟೆಗೆ ಅಂಗಡಿ ತೆರೆಯುವವರಿಗೆ ಇದು ಹಿತವಾದ ಹವೆ. ಐದೂವರೆಗೆ ಹಾಲು ತರುವವರಿಗೆ, ಬೆಳಗಿನ ಪಾಳಿಗೆ ಬೈಕಿನಲ್ಲಿ ಹೋಗುವವರಿಗೆ, ಬೆಳಕು ಹರಿಯುವ ಮುಂಚೆ ಕಬ್ಬು ಕಡಿಯಲು ಹೊಲಕ್ಕಿಳಿಯುವವರಿಗೆ ಇದು ಮೈ ಕೊರೆಯುವ ಚಳಿ. ಒಂದೇ ಊರಿನವರು ಒಂದೇ ಚಳಿಯ ಬಗ್ಗೆ ಎರಡು ಮಾತಾಡುವುದು ಹೀಗೆ.

ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಾಗ ಭಾರತೀಯ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಗುರುತಿಸುತ್ತದೆ. ಮಂಡಲ ಮಟ್ಟದ ಅಂಕಿಗಳು ಬೇಕಾದರೆ ತೆಲಂಗಾಣ ಅಭಿವೃದ್ಧಿ ಯೋಜನಾ ಸಂಸ್ಥೆಯ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. ರಾಜ್ಯದಾದ್ಯಂತ ಸಾವಿರಕ್ಕೂ ಹೆಚ್ಚು ಕೇಂದ್ರಗಳ ಲೆಕ್ಕ ಪ್ರತಿದಿನ ಹೊರಬೀಳುತ್ತದೆ. ಮನೆ ನೋಡಿರುವ ಊರಿನ ಮಂಡಲದಲ್ಲಿ ಹಿಂದಿನ ಚಳಿಗಾಲದ ರಾತ್ರಿಗಳು ಹೇಗಿದ್ದವು ಎಂಬುದನ್ನು ಅಲ್ಲಿಂದ ತಿಳಿಯಬಹುದು. ಜಿಲ್ಲೆಯ ಸರಾಸರಿಯನ್ನು ನಂಬಿ ಕೂರುವುದು ತಪ್ಪು. ಕೊಹೀರ್, ನ್ಯಾಲಕಲ್, ಝರಾಸಂಗಂ ಕಡೆಯ ರಾತ್ರಿಗೂ ಹೈದರಾಬಾದಿಗೆ ಅಂಟಿಕೊಂಡ ಬಡಾವಣೆಗಳ ಕಡೆಯ ರಾತ್ರಿಗೂ ವ್ಯತ್ಯಾಸವಿದೆ, ಎರಡೂ ಸಂಗಾರೆಡ್ಡಿ ಜಿಲ್ಲೆಯವೇ ಆದರೂ.

ಮೂರು ಊರು, ಮೂರು ಗುಣ

ಮೂರರಲ್ಲಿ ದೊಡ್ಡದು ಜಹೀರಾಬಾದ್. 2011ರ ಜನಗಣತಿಯ ಹೊತ್ತಿಗೆ ಎಪ್ಪತ್ತು ಸಾವಿರದ ಆಸುಪಾಸು ಜನ ಇದ್ದರು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಊರ ಪಕ್ಕದಲ್ಲೇ ಹಾದುಹೋಗುತ್ತದೆ. ವಿಕಾರಾಬಾದಿನಿಂದ ಬೀದರ್, ಉದಗೀರ್ ಮೂಲಕ ಪರಳಿಗೆ ಹೋಗುವ ರೈಲು ಮಾರ್ಗದಲ್ಲೂ ಇದೆ. ಬೀದರ್ ಸುಮಾರು ಮೂವತ್ತು ಕಿಲೋಮೀಟರ್ ದೂರ. ಪೇಟೆಯಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ನಡೆಯುತ್ತವೆ.

ತಾಂಡೂರು ಅದೇ ಜನಗಣತಿಯ ಹೊತ್ತಿಗೆ ಅರವತ್ತೈದು ಸಾವಿರ ಜನರಿದ್ದ ಊರು, ಈಗ ವಿಕಾರಾಬಾದ್ ಜಿಲ್ಲೆಯಲ್ಲಿದೆ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದಂದಿನಿಂದ ಇದು ಸರಕಿನ ಊರು. ನೆಲದಡಿಯಲ್ಲಿ ಸುಣ್ಣಕಲ್ಲು, ನೆಲದ ಮೇಲೆ ತೊಗರಿ. ಊರು ಬೆಳೆದದ್ದು ಇವೆರಡರಿಂದ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಊರ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಸೇಡಂ ಸೀಮೆಗೆ ಇಳಿದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಬಳಸಿ ಭೀಮೆಯನ್ನು ಸೇರುತ್ತದೆ. ಎತ್ತರ ಜಹೀರಾಬಾದಿಗಿಂತ ಕಡಿಮೆ ಇರುವುದರಿಂದ ಇಲ್ಲಿನ ಚಳಿ ಒಂದು ಪಾಲು ಕಡಿಮೆ, ಬೇಸಿಗೆಯ ಕಾವು ಒಂದು ಪಾಲು ಹೆಚ್ಚು.

ನಾರಾಯಣಖೇಡ ಚಿಕ್ಕದು. ಗ್ರಾಮ ಪಂಚಾಯಿತಿಯಿಂದ ಪುರಸಭೆಯಾಗಿ ಹೆಚ್ಚು ವರ್ಷಗಳಾಗಿಲ್ಲ. ರೈಲು ಇಲ್ಲ. ನಿಜಾಂಪೇಟೆಯಿಂದ ನಾರಾಯಣಖೇಡದ ಮೂಲಕ ಬೀದರಿಗೆ ಹೋಗುವ 161ಬಿ ಹೆದ್ದಾರಿಯೇ ಊರಿನ ಜೀವನಾಡಿ. ಮಂಜೀರಾ ನದಿ ಈ ಸೀಮೆಯನ್ನು ಬಳಸಿ ಹರಿದರೂ ಹೊಲಗಳು ಬಹುಪಾಲು ಮಳೆಯನ್ನೇ ನಂಬಿವೆ. ನೀರಾವರಿಗಾಗಿ ರೂಪಿಸಿದ ಸಂಗಮೇಶ್ವರ, ಬಸವೇಶ್ವರ ಏತ ನೀರಾವರಿ ಯೋಜನೆಗಳಿಗೆ 2022ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಶಂಕುಸ್ಥಾಪನೆ ನಡೆಯಿತು. ಇಲ್ಲಿ ಮನೆ ಬಾಡಿಗೆ ಮೂರೂ ಊರುಗಳಲ್ಲಿ ಹಗುರ, ಆದರೆ ಕಾಲೇಜು, ತಜ್ಞ ವೈದ್ಯರು, ದೊಡ್ಡ ಮಾರುಕಟ್ಟೆ ಎಂದರೆ ಬೀದರಿಗೋ ಸಂಗಾರೆಡ್ಡಿಗೋ ಓಡಬೇಕು.

ಚಳಿ ಬೇಕೇ ಬೇಕು ಎನ್ನುವವರು

ಚಳಿಯ ಪರವಾಗಿ ಗಟ್ಟಿಯಾಗಿ ಮಾತಾಡುವವರು ರೈತರು. ಅವರ ಮಾತಿಗೆ ಹೊಲದಲ್ಲೇ ಪುರಾವೆ ಇದೆ. ಜಹೀರಾಬಾದ್ ಸೀಮೆ ತೆಲಂಗಾಣದ ಮುಖ್ಯ ಆಲೂಗಡ್ಡೆ ಪ್ರದೇಶ. ಆಲೂಗಡ್ಡೆ ಗೆಡ್ಡೆ ಕಟ್ಟಬೇಕಾದರೆ ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿರಬೇಕು. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ ಜನವರಿ–ಫೆಬ್ರವರಿಯಲ್ಲಿ ಕೀಳುವ ಬೆಳೆಗೆ ಇಲ್ಲಿನ ಥಂಡಿ ರಾತ್ರಿಗಳೇ ಬಂಡವಾಳ.

ಇನ್ನೂ ವಿಶೇಷವಾದದ್ದು ಎರೆ ಹೊಲದ ಹಿಂಗಾರಿ ಬೆಳೆಗಳದ್ದು. ಬಿಳಿಜೋಳ, ಕಡಲೆ, ಕುಸುಬೆ, ಅಗಸೆಯನ್ನು ಇಲ್ಲಿನ ರೈತರು ನೀರು ಹಾಯಿಸದೆ, ಮಳೆಗೆ ಕಾಯದೆ ಬೆಳೆಯುತ್ತಾರೆ. ಎರೆಮಣ್ಣು ಹಿಡಿದಿಟ್ಟ ತೇವ, ಅದರ ಮೇಲೆ ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಬೆಳೆ ಬರುತ್ತದೆ. ತೆಲುಗಿನಲ್ಲಿ ಇವನ್ನು ‘ಸತ್ಯಂ ಪಂಟಲು’ ಎನ್ನುತ್ತಾರೆ. ಈ ಬೆಳೆಗಳನ್ನೂ ಅವುಗಳ ಹಿಂದಿನ ಹೆಣ್ಣುಮಕ್ಕಳ ತಿಳಿವಳಿಕೆಯನ್ನೂ ಲೋಕಕ್ಕೆ ತೋರಿಸಿದ್ದು ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದ ಅವರು 1980ರ ದಶಕದಿಂದ ಈ ಸೀಮೆಯ ದಲಿತ ಮಹಿಳಾ ಸಂಘಗಳ ಜೊತೆ ದುಡಿದು 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದರ ಮಾಚನೂರಿನ ‘ಸಂಘಂ ರೇಡಿಯೊ’ 2008ರ ಅಕ್ಟೋಬರ್‌ನಿಂದ ಹಳ್ಳಿಯ ಹೆಣ್ಣುಮಕ್ಕಳ ದನಿಯಲ್ಲೇ ಮಾತಾಡುತ್ತಿದೆ. ಸಂಕ್ರಾಂತಿಯ ಹೊತ್ತಿಗೆ ಹೊರಡುವ ಹಳೆಯ ಬೀಜಗಳ ಎತ್ತಿನ ಬಂಡಿ ಜಾತ್ರೆ ಸುಮಾರು ಒಂದು ತಿಂಗಳು ಊರೂರು ಸುತ್ತುತ್ತದೆ. ಹೊಸದಾಗಿ ಬಂದವರಿಗೆ ಈ ಸೀಮೆಯನ್ನು ಅರಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಊಟದ ಸುಖವೂ ಚಳಿಗಾಲದ್ದೇ. ಎಳ್ಳಮಾವಾಸ್ಯೆಯ ದಿನ ಬೀದರ್, ಕಲಬುರಗಿ ಸೀಮೆಯಂತೆ ಇಲ್ಲೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ಕಡಬು, ಜೋಳದ ಅಂಬಲಿ ಇಲ್ಲದ ಬುತ್ತಿ ಇಲ್ಲ. ಜನವರಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮುಂದೆ ಎಳೆ ಜೋಳದ ಸೀತನಿ ಬರುತ್ತವೆ. ಪುಂಡಿಪಲ್ಯ ಇಲ್ಲಿ ಗೋಂಗೂರ ಎಂಬ ಹೆಸರಿನಲ್ಲಿ ವರ್ಷವಿಡೀ ಸಿಗುತ್ತದೆ. ಬೀದರಿನಿಂದ ಬಂದ ಸೊಸೆಗೆ ಅಡುಗೆಮನೆಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ.

ಬೇಡ ಎನ್ನುವವರ ವಾದ

ವಿರೋಧಿಸುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಭಾರತದ ಸಾವುಗಳ ಮೇಲೆ ಉಷ್ಣಾಂಶದ ಪರಿಣಾಮವನ್ನು ಪರಿಶೀಲಿಸಿ 2018ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಒಂದು ಮುಖ್ಯ ಸಂಗತಿಯನ್ನು ಹೇಳಿತು. ವಿಪರೀತ ಸೆಖೆ, ವಿಪರೀತ ಚಳಿಗಳಿಗಿಂತ ಸಾಧಾರಣ ಚಳಿಯಿಂದಾಗುವ ಸಾವುಗಳೇ ಹೆಚ್ಚು. ಹೃದಯದ, ಉಸಿರಾಟದ ತೊಂದರೆ ಇರುವವರಿಗೆ ಹನ್ನೆರಡು ಹದಿನಾಲ್ಕು ಡಿಗ್ರಿಯ ರಾತ್ರಿಯೂ ಅಪಾಯಕಾರಿ ಆಗಬಹುದು. ಚಳಿಗೆ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಏರುವುದು ಇದಕ್ಕೆ ಒಂದು ಕಾರಣ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸಲಹೆ ಕೊಟ್ಟಿತು. ಚಳಿ ದೇಶಗಳ ಮನೆಗಳಂತೆ ಬೆಚ್ಚಗಿಡುವ ಏರ್ಪಾಡು ಇಲ್ಲಿನ ಮನೆಗಳಿಗೆ ಇರುವುದಿಲ್ಲ. ಹೊರಗೆ ಎಂಟು ಡಿಗ್ರಿ ಇದ್ದಾಗ ತೆಳ್ಳನೆಯ ಗೋಡೆಯ, ಸಂದುಬಿಟ್ಟ ಕಿಟಕಿಯ ಕೋಣೆಯಲ್ಲಿ 18 ಡಿಗ್ರಿ ಉಳಿಯುವುದು ಕಷ್ಟ.

ತಾಂಡೂರಿನವರ ದೂರು ಧೂಳಿನದ್ದು. ಕಲ್ಲಿನ ಗಣಿ, ಪಾಲಿಶ್ ಘಟಕಗಳು, ಸಿಮೆಂಟ್ ಕಾರ್ಖಾನೆಗಳು, ಅವುಗಳ ಲಾರಿಗಳು ಎಬ್ಬಿಸುವ ಧೂಳು ಚಳಿಗಾಲದ ಬೆಳಿಗ್ಗೆ ಮೇಲೇರುವುದಿಲ್ಲ. ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವುದರಿಂದ ಹೊಗೆ, ಧೂಳು ಎರಡೂ ಕೆಳಗೇ ಸಿಕ್ಕಿಬೀಳುತ್ತವೆ. ದಮ್ಮು ಇರುವವರು ಈ ಊರಿನಲ್ಲಿ ಮನೆಯ ಜಾಗವನ್ನು ಬಹಳ ಎಚ್ಚರದಿಂದ ಆರಿಸಬೇಕು.

ಜಹೀರಾಬಾದಿನಲ್ಲಿ ಆತಂಕ ಹುಟ್ಟಿಸುವುದು ರಸ್ತೆ. ಕಬ್ಬು ನುರಿಸುವ ಹಂಗಾಮು ಮತ್ತು ಮಂಜು ಬೀಳುವ ಕಾಲ ಎರಡೂ ಒಟ್ಟಿಗೇ ಬರುತ್ತವೆ. ಹಿಂದೆ ದೀಪವಿಲ್ಲದ, ಹೊಳೆಯುವ ಪಟ್ಟಿಯಿಲ್ಲದ ಕಬ್ಬಿನ ಟ್ರೈಲರುಗಳು ಬೆಳಗಿನ ಜಾವದ ಮಂಜಿನಲ್ಲಿ ಕಣ್ಣಿಗೆ ಬೀಳುವುದೇ ತಡವಾಗಿ. ಹೈದರಾಬಾದಿನ ಕಡೆ ಕಾರು ಹೊರಡಿಸುವವರು ಡಿಸೆಂಬರ್, ಜನವರಿಯಲ್ಲಿ ಎಂಟು ಗಂಟೆಯ ನಂತರ ಹೊರಡುವ ರೂಢಿ ಮಾಡಿಕೊಳ್ಳಬೇಕು.

ಇದರ ಜೊತೆಗೆ ಬೇಸಿಗೆಯನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಮೂರೂ ಊರುಗಳು 40 ಡಿಗ್ರಿ ದಾಟುತ್ತವೆ. ಚಳಿಯ ಊರು ಎಂಬ ಹೆಸರನ್ನು ನಂಬಿ, ವರ್ಷವಿಡೀ ತಂಪಿರುತ್ತದೆಂದು ಬಂದವರಿಗೆ ನಿರಾಸೆ ತಪ್ಪಿದ್ದಲ್ಲ.

ಮನೆ ಆರಿಸುವಾಗ

ಮೇಲಿನ ಎರಡೂ ವಾದಗಳ ನಡುವೆ ಹೆಚ್ಚು ಅಂತರ ಬೀಳಿಸುವುದು ಮನೆ. ಈ ಸೀಮೆಯ ಹಳೆಯ ಮನೆಗಳ ದಪ್ಪ ಗೋಡೆಗಳು ಹಗಲಿನ ಕಾವನ್ನು ರಾತ್ರಿಯವರೆಗೆ ಹಿಡಿದಿಡುತ್ತವೆ. ಹೊಸ ಬಡಾವಣೆಗಳ ಸಿಮೆಂಟ್ ಇಟ್ಟಿಗೆ ಮನೆಗಳಲ್ಲಿ, ಅದರಲ್ಲೂ ಮೇಲಿನ ಮಹಡಿಯಲ್ಲಿ, ಬಯಲಿಗೆ ಬಿದ್ದ ಛತ್ತು ಚಳಿಗಾಲದ ರಾತ್ರಿ ಬೇಗ ತಣ್ಣಗಾಗಿ, ಬೇಸಿಗೆಯ ಸಂಜೆ ಬೇಗ ಆರದೆ ಎರಡೂ ಕಾಲದಲ್ಲಿ ಕಾಡುತ್ತದೆ. ಆದ್ದರಿಂದ ಬಾಡಿಗೆ ಮನೆಯಾದರೆ ಮೇಲೆ ಇನ್ನೊಂದು ಮನೆಯಿರುವ ಮಹಡಿ ಒಳ್ಳೆಯದು.

ದಕ್ಷಿಣ ಅಥವಾ ಆಗ್ನೇಯಕ್ಕೆ ಕಿಟಕಿಯಿರುವ ಕೋಣೆಯನ್ನು ವಯಸ್ಸಾದವರಿಗೆ ಕೊಡಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುವುದರಿಂದ ಆ ಕೋಣೆಗೆ ಬಿಸಿಲು ಆಳವಾಗಿ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಅದೇ ಕಿಟಕಿ ಹೆಚ್ಚು ಸುಡುವುದಿಲ್ಲ. ಉತ್ತರಕ್ಕೆ ಬಾಗಿಲಿರುವ ಮನೆಯಾದರೆ ಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ ಹಾಕಿಸುವುದು, ಕಿಟಕಿಗೆ ದಪ್ಪ ಪರದೆ ಕಟ್ಟುವುದು ಕೆಲವೇ ನೂರು ರೂಪಾಯಿಗಳ ಕೆಲಸ.

ತಾಂಡೂರು, ಶಹಾಬಾದ್ ಕಲ್ಲಿನ ಫರ್ಸಿ ಹಾಸಿದ ನೆಲ ಬೇಸಿಗೆಯಲ್ಲಿ ವರ. ಚಳಿಗಾಲದಲ್ಲಿ ಅದೇ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವವರ ಕಾಲು ಸೆಟೆದುಕೊಳ್ಳುತ್ತದೆ. ಅಡುಗೆಮನೆಯಲ್ಲೂ ಮಂಚದ ಪಕ್ಕದಲ್ಲೂ ಒಂದೊಂದು ಜಮಖಾನೆ ಹಾಸಬೇಕು, ಮನೆಯೊಳಗೆ ಚಪ್ಪಲಿ ಹಾಕಿಕೊಳ್ಳಬೇಕು. ಮಕ್ಕಳನ್ನೂ ಮುದುಕರನ್ನೂ ನೆಲದ ಮೇಲೆ ಮಲಗಿಸಬಾರದು. ಹೊದಿಕೆಗೆ ಮನೆಯ ಹಳೆ ಸೀರೆಗಳ ಕೌದಿಯೇ ಸಾಕು; ಒಂದು ದಪ್ಪ ಹೊದಿಕೆಗಿಂತ ಎರಡು ತೆಳು ಕೌದಿಗಳ ನಡುವೆ ನಿಲ್ಲುವ ಗಾಳಿ ಹೆಚ್ಚು ಬೆಚ್ಚಗಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಂಡಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚುವುದೂ ಅಷ್ಟೇ ಅಪಾಯ. ಬಾಡಿಗೆ ಮನೆಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಸಿಲಿಂಡರನ್ನೂ ಗೀಸರನ್ನೂ ಹೊರಗೆ ಹಾಕಿಸಿಕೊಳ್ಳುವವರೆಗೆ ಬಳಸದಿರುವುದು ಉತ್ತಮ.

ನೀರು ಕಾಯಿಸುವ ಖರ್ಚನ್ನೂ ಲೆಕ್ಕ ಹಾಕಬೇಕು. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ತೆಲಂಗಾಣದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ 200 ಯೂನಿಟ್‌ಗಳ ಮಿತಿ ಇರುವುದರಿಂದ, ಉಳಿದ ತಿಂಗಳು ಮಿತಿಯೊಳಗಿದ್ದ ಮನೆ ಚಳಿಗಾಲದಲ್ಲಿ ಮಿತಿ ದಾಟಬಹುದು. ಇಲ್ಲಿನ ಚಳಿಗಾಲ ಮೋಡವಿಲ್ಲದ್ದು, ಹಗಲು ಬಿಸಿಲಿನದ್ದು. ಆದ್ದರಿಂದ ಸೋಲಾರ್ ವಾಟರ್ ಹೀಟರ್‌ಗೆ ಇಂಥ ಊರುಗಳು ಚೆನ್ನಾಗಿ ಒಪ್ಪುತ್ತವೆ. ಬೋರಿನ ನೀರು ಗಡುಸಾಗಿದ್ದರೆ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅದನ್ನು ಆಗಾಗ ತೆಗೆಸಬೇಕು.

ಗಡಿ ದಾಟಿದಾಗ ಬದಲಾಗುವ ಲೆಕ್ಕ

ಈ ಮೂರೂ ಊರುಗಳಲ್ಲಿ ಕನ್ನಡ ಕೇಳಿಬರುವುದಕ್ಕೆ ಇತಿಹಾಸವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಮತ್ತು ನ್ಯಾಲಕಲ್ ವೃತ್ತವೂ ಆಂಧ್ರಪ್ರದೇಶಕ್ಕೆ ಸೇರಿದವು. ಅದರ ಮುನ್ನಾ ದಿನದವರೆಗೆ ಒಂದೇ ಜಿಲ್ಲೆಯಲ್ಲಿದ್ದ ಬೀಗರು ಬೇರೆ ಬೇರೆ ರಾಜ್ಯದವರಾದರು. ಝರಾಸಂಗಂನ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಇಂದಿಗೂ ಕರ್ನಾಟಕದ ಭಕ್ತರು ಬರುತ್ತಾರೆ. ಸಂಬಂಧ, ಹಬ್ಬ, ಸಂತೆಗಳಿಗೆ ಗಡಿ ಅಡ್ಡ ಬರುವುದಿಲ್ಲ. ಸರ್ಕಾರಿ ಕಾಗದಗಳಿಗೆ ಮಾತ್ರ ಅಡ್ಡ ಬರುತ್ತದೆ.

ಬಸ್ಸಿನಿಂದಲೇ ಶುರುಮಾಡಿದರೆ, ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಲ್ಲಿ 2023ರ ಡಿಸೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವಿದೆ. ಅದು ತೆಲಂಗಾಣದ ವಿಳಾಸವಿರುವವರಿಗೆ, ಆ ರಾಜ್ಯದ ಗಡಿಯೊಳಗೆ ಮಾತ್ರ. ಕರ್ನಾಟಕದ ಶಕ್ತಿ ಯೋಜನೆಯೂ ಹೀಗೆಯೇ. ಜಹೀರಾಬಾದಿನಲ್ಲಿ ಮನೆ ಮಾಡಿ ದಿನವೂ ಬೀದರಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಗಡಿಯಿಂದಾಚೆಗೆ ಟಿಕೆಟ್ ಕೊಳ್ಳಬೇಕು. ಆಧಾರ್ ವಿಳಾಸ ಬದಲಿಸದಿದ್ದರೆ ಗಡಿಯ ಈಚೆಗೂ ಕೊಳ್ಳಬೇಕು.

ಆರೋಗ್ಯದ ವಿಮೆಯಲ್ಲಿ ಇದು ಇನ್ನೂ ಮುಖ್ಯ. ತೆಲಂಗಾಣದ ಆರೋಗ್ಯಶ್ರೀ ಮಿತಿ 2023ರ ಡಿಸೆಂಬರ್‌ನಲ್ಲಿ ಐದು ಲಕ್ಷದಿಂದ ಹತ್ತು ಲಕ್ಷ ರೂಪಾಯಿಗೆ ಏರಿತು. ಅದರ ಲಾಭ ಸಿಗಬೇಕಾದರೆ ತೆಲಂಗಾಣದ ಕಾಗದಪತ್ರ ಬೇಕು. ಹಳೆಯ ಕಾರ್ಡು ರದ್ದಾಗಿ ಹೊಸದು ಕೈಗೆ ಬರುವವರೆಗಿನ ತಿಂಗಳುಗಳಲ್ಲಿ ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಡಬೇಕು.

ಮೂರೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅದರಾಚೆಗೆ ಬೇಕಾದಾಗ ಜಹೀರಾಬಾದ್, ನಾರಾಯಣಖೇಡದವರಿಗೆ ಬೀದರಿನ ಬ್ರಿಮ್ಸ್ ಮತ್ತು ಸಂಗಾರೆಡ್ಡಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತಾಂಡೂರಿನವರಿಗೆ ವಿಕಾರಾಬಾದಿನ ಹೊಸ ವೈದ್ಯಕೀಯ ಕಾಲೇಜು, ದೊಡ್ಡ ಕಾಯಿಲೆಗೆ ಕಲಬುರಗಿ ಅಥವಾ ಹೈದರಾಬಾದ್. ಹೃದಯದ ತೊಂದರೆ ಇರುವವರನ್ನು ಕರೆದುಕೊಂಡು ಬರುವವರು ಬೆಳಗಿನ ಜಾವ ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿನಲ್ಲಿ ಅಲ್ಲಿಗೆ ಮುಟ್ಟಬಹುದೆಂದು ಒಮ್ಮೆ ಹೋಗಿಯೇ ನೋಡಬೇಕು.

ಮಕ್ಕಳ ಓದಿನ ವಿಷಯದಲ್ಲಿ ದುಡುಕಬಾರದು. 2018ರ ಕಾಯ್ದೆಯ ಪ್ರಕಾರ ತೆಲಂಗಾಣದ ಎಲ್ಲ ಶಾಲೆಗಳಲ್ಲಿ, ಸಿಬಿಎಸ್‌ಇ ಶಾಲೆಗಳೂ ಸೇರಿದಂತೆ, ಒಂದರಿಂದ ಹತ್ತನೇ ತರಗತಿಯವರೆಗೆ ತೆಲುಗು ಕಲಿಕೆ ಕಡ್ಡಾಯ. ಕನ್ನಡ ಲಿಪಿ ಬಲ್ಲ ಚಿಕ್ಕ ಮಕ್ಕಳಿಗೆ ತೆಲುಗು ಅಕ್ಷರ ಕೆಲವೇ ವಾರಗಳಲ್ಲಿ ಒಲಿಯುತ್ತದೆ. ಎಂಟನೇ ತರಗತಿಯಲ್ಲಿ ಬರುವ ಮಗುವಿಗೆ ವ್ಯಾಕರಣ, ಪದ್ಯ ಭಾರವಾಗುತ್ತವೆ. ಇನ್ನೊಂದು ಸಂಗತಿಯನ್ನು ಎಷ್ಟೋ ಪಾಲಕರು ತಡವಾಗಿ ತಿಳಿಯುತ್ತಾರೆ. 2018ರ ರಾಷ್ಟ್ರಪತಿ ಆದೇಶದಂತೆ ತೆಲಂಗಾಣದ ಸರ್ಕಾರಿ ನೌಕರಿಗಳಲ್ಲಿ ಸ್ಥಳೀಯ ಅಭ್ಯರ್ಥಿ ಎನಿಸಲು ಒಂದರಿಂದ ಏಳನೇ ತರಗತಿಯೊಳಗೆ ಕನಿಷ್ಠ ನಾಲ್ಕು ವರ್ಷ ಅಲ್ಲಿಯೇ ಓದಿರಬೇಕು. ಗಡಿಯ ಆಚೆ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲು ಇದೆ, ಅದಕ್ಕೆ ಬೇರೆಯದೇ ಅರ್ಹತಾ ಪ್ರಮಾಣಪತ್ರ ಬೇಕು. ಓದು ಎರಡೂ ಕಡೆ ಅರೆಬರೆಯಾಗಿ ಹಂಚಿಹೋದ ಮಗು ಎರಡೂ ಸೌಲಭ್ಯಗಳನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ. ವರ್ಗಾವಣೆ ಪತ್ರ ತೆಗೆಯುವ ಮುನ್ನ ಎರಡೂ ರಾಜ್ಯಗಳ ನಿಯಮ ಓದಿಕೊಂಡು, ಮಗು ಮುಂದೆ ಎಲ್ಲಿ ಓದಬೇಕು, ಎಲ್ಲಿ ಕೆಲಸ ಹುಡುಕಬೇಕು ಎಂದು ಮನೆಯಲ್ಲಿ ಕೂತು ಮಾತಾಡಬೇಕು.

ದುಡಿಮೆ ಎಲ್ಲಿದೆ

ಜಹೀರಾಬಾದಿನಲ್ಲಿ ಮಹೀಂದ್ರದ ವಾಹನ ಮತ್ತು ಟ್ರ್ಯಾಕ್ಟರ್ ಘಟಕಗಳಿವೆ, ಅವಕ್ಕೆ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಗಳಿವೆ. ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ಜಾಗ ಗುರುತಿಸಿ ವರ್ಷಗಳಾಗಿವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಹನ್ನೆರಡು ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಅದರ ವಿಸ್ತಾರ 3,245 ಎಕರೆ. ಈ ಸುದ್ದಿಯ ಬೆನ್ನಿಗೆ ಸುತ್ತಲಿನ ಹಳ್ಳಿಗಳಲ್ಲಿ ನಿವೇಶನದ ಮಾರಾಟ ಬಿರುಸಾಗಿದೆ. ಕೊಳ್ಳುವವರು ಆ ಸರ್ವೆ ನಂಬರು ಭೂಸ್ವಾಧೀನದ ಪಟ್ಟಿಯಲ್ಲಿ ಇದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು, ಕೃಷಿ ಜಮೀನಾದರೆ 2025ರಲ್ಲಿ ಬಂದ ‘ಭೂ ಭಾರತಿ’ ಜಾಲತಾಣದಲ್ಲಿ ದಾಖಲೆ ನೋಡಬೇಕು. ಭೂಮಿ ಕಳೆದುಕೊಳ್ಳುವ ರೈತರ ಅಳಲು ಇಲ್ಲಿ ಇನ್ನೂ ಆರಿಲ್ಲ ಎಂಬುದೂ ಹೊಸಬರ ತಿಳಿವಳಿಕೆಯಲ್ಲಿರಬೇಕು.

ತಾಂಡೂರಿನಲ್ಲಿ ಕಲ್ಲು, ಸಿಮೆಂಟು, ಬೇಳೆ ಗಿರಣಿ, ರೈಲಿನ ಸರಕು ಇವೇ ದುಡಿಮೆಯ ದಾರಿಗಳು. ನಾರಾಯಣಖೇಡದಲ್ಲಿ ಸರ್ಕಾರಿ ನೌಕರಿ, ಶಾಲೆ, ಬ್ಯಾಂಕು, ಕಾಳಿನ ವ್ಯಾಪಾರ ಬಿಟ್ಟರೆ ಅವಕಾಶ ಕಡಿಮೆ.

ಯಾರಿಗೆ ಯಾವ ಊರು

ಬೀದರಿನಲ್ಲಿ ತಂದೆತಾಯಿ ಇದ್ದು, ವಾರಕ್ಕೊಮ್ಮೆ ಹೋಗಿಬರಬೇಕಾದ, ಕಾರ್ಖಾನೆಯಲ್ಲಿ ದುಡಿಯುವ ಮಧ್ಯವಯಸ್ಸಿನ ಕುಟುಂಬಕ್ಕೆ ಜಹೀರಾಬಾದ್ ಹೊಂದುತ್ತದೆ. ಬೆಳಗಿನ ಪಾಳಿಯವರು ಎದೆ, ಕಿವಿ, ಕೈ ಮುಚ್ಚುವ ಉಡುಪಿನಲ್ಲಿ ಹಣ ಉಳಿಸಲು ನೋಡಬಾರದು. ಎಂಟು ಡಿಗ್ರಿಯಲ್ಲಿ ಬೈಕಿನ ಮೇಲೆ ಬೀಸುವ ಗಾಳಿ ಅದಕ್ಕಿಂತ ಎಷ್ಟೋ ಕಡಿಮೆ ಉಷ್ಣಾಂಶದಂತೆ ಮೈಗೆ ಬಡಿಯುತ್ತದೆ. ಚಳಿ ಸಹಿಸದ, ಆದರೆ ಶ್ವಾಸಕೋಶ ಗಟ್ಟಿ ಇರುವ, ಮೇಲಿಂದ ಮೇಲೆ ರೈಲು ಹತ್ತಬೇಕಾದ ವ್ಯಾಪಾರಿಗೆ ತಾಂಡೂರು ಅನುಕೂಲ. ಗದ್ದಲ ಬೇಡ, ಮಕ್ಕಳು ಇನ್ನೂ ಚಿಕ್ಕವರು, ಸಂಬಳ ಖಚಿತ ಎನ್ನುವ ಶಿಕ್ಷಕ ದಂಪತಿಗೆ ನಾರಾಯಣಖೇಡದ ಅಗ್ಗದ ಬಾಡಿಗೆಯೂ ಕೂಡಿ ಬಾಳುವ ಓಣಿಗಳೂ ಹಿತ. ದಮ್ಮು, ಹೃದಯದ ಕಾಯಿಲೆ ಇರುವ ಹಿರಿಯರಿದ್ದರೆ ಮೂರರಲ್ಲಿ ಯಾವುದೇ ಆಗಲಿ, ಡಿಸೆಂಬರ್ 15ರಿಂದ ಜನವರಿ ಕೊನೆಯವರೆಗೆ ಅವರನ್ನು ಹೆಚ್ಚು ಬೆಚ್ಚಗಿನ ಊರಿನ ಮಕ್ಕಳ ಮನೆಯಲ್ಲಿರಿಸುವ ಏರ್ಪಾಡು ಸಾಧ್ಯವೇ ಎಂದು ಯೋಚಿಸುವುದು ಒಳಿತು. ಅದು ಸಾಧ್ಯವಿಲ್ಲದಿದ್ದರೆ ಅವರ ಬೆಳಗಿನ ವಾಯುವಿಹಾರವನ್ನು ಎಂಟೂವರೆಯ ಬಿಸಿಲಿಗೆ ಮುಂದೂಡಬೇಕು, ನವೆಂಬರ್‌ನಲ್ಲೇ ವೈದ್ಯರ ಬಳಿ ರಕ್ತದೊತ್ತಡದ ಮಾತ್ರೆಯ ಪ್ರಮಾಣ ಪರಿಶೀಲಿಸಿಕೊಳ್ಳಬೇಕು, ಫ್ಲೂ ಲಸಿಕೆಯ ಬಗ್ಗೆ ಕೇಳಬೇಕು.

ಯಾವ ಊರನ್ನು ಆರಿಸಿದರೂ ಒಂದೇ ಸಲ ಇಡೀ ಸಂಸಾರವನ್ನು ಸಾಗಿಸುವ ಅಗತ್ಯವಿಲ್ಲ. ದುಡಿಯುವವರು ಅಕ್ಟೋಬರ್‌ನಲ್ಲಿ ಹನ್ನೊಂದು ತಿಂಗಳ ಕರಾರಿಗೆ ಮನೆ ಹಿಡಿದರೆ ಆ ಕರಾರಿನೊಳಗೇ ಚಳಿಗಾಲ, ಬೇಸಿಗೆ ಎರಡೂ ಬರುತ್ತವೆ. ಮನೆಯವರು ಸಂಕ್ರಾಂತಿಗೆ ಒಂದು ವಾರ, ಮೇ ತಿಂಗಳಲ್ಲಿ ಒಂದು ವಾರ ಬಂದಿದ್ದು ಮಲಗುವ ಕೋಣೆ, ಬಚ್ಚಲು, ಆಸ್ಪತ್ರೆಯ ದಾರಿ, ಶಾಲೆ ಎಲ್ಲವನ್ನೂ ಕಣ್ಣಾರೆ ನೋಡಲಿ. ಮಲಗುವ ಕೋಣೆಯಲ್ಲಿ ಇನ್ನೂರು ರೂಪಾಯಿಯ ಒಂದು ಉಷ್ಣಮಾಪಕ ತೂಗುಹಾಕಿ ಬೆಳಿಗ್ಗೆ ಆರಕ್ಕೆ ಅದರ ಅಂಕಿ ಬರೆದಿಟ್ಟರೆ ಊರಿನವರ ಮಾತಿಗಿಂತ ಖಚಿತವಾದ ಲೆಕ್ಕ ಕೈಯಲ್ಲಿರುತ್ತದೆ. ತೆಲಂಗಾಣದಲ್ಲಿ ಶಾಲೆಗಳು ತೆರೆಯುವುದು ಜೂನ್ ಎರಡನೆಯ ವಾರದಲ್ಲಿ. ಮೇ ಭೇಟಿಯಲ್ಲೇ ಪ್ರವೇಶ, ಆಧಾರ್ ವಿಳಾಸ, ಪಡಿತರ ಚೀಟಿಯ ಅರ್ಜಿಗಳನ್ನು ಕೊಟ್ಟುಬಂದರೆ ಮುಂದಿನ ಚಳಿಗಾಲಕ್ಕೆ ಮುನ್ನ ಎಲ್ಲವನ್ನೂ ಸರಿಪಡಿಸಿಕೊಳ್ಳಲು ಆರು ತಿಂಗಳ ಅವಕಾಶ ಉಳಿಯುತ್ತದೆ.